ಗೋವಾದ ಶಾಲಾ ಬಿಸಿಯೂಟ: ಕಾರ್ಡ್ ಕೇಳುವುದಿಲ್ಲ, ಭಾಷೆ ಕೇಳುವುದಿಲ್ಲ, ಆದರೆ ಎಂಟನೇ ಕ್ಲಾಸಿಗೆ ನಿಲ್ಲುತ್ತದೆ

ಗೋವಾದ ಸರಕಾರಿ ಶಾಲೆಯಲ್ಲಿ ವಿರಾಮದ ಗಂಟೆ ಬಾರಿಸಿದಾಗ ಮಕ್ಕಳ ತಟ್ಟೆಗೆ ಬೀಳುವುದು ಹೆಚ್ಚಾಗಿ ಅನ್ನ-ಸಾಂಬಾರ್ ಅಲ್ಲ, ಪಾವ್ ಮತ್ತು ಭಾಜಿ. ಮುಂಬೈಯ ಬೆಣ್ಣೆ ಹಾಕಿ ಕಲಸಿದ ಪಾವ್‌ಭಾಜಿ ಅಂದುಕೊಳ್ಳಬೇಡಿ. ಇದು ಬಟಾಣಿ, ಹೆಸರು, ಕಡಲೆ ಅಥವಾ ಬಟಾಟೆಯ ತೆಳು ಪಲ್ಯ, ಜೊತೆಗೆ ಪೊದೇರ್ ಅಂದರೆ ಬೇಕರಿಯವ ಬೆಳಗ್ಗೆ ತಂದ ಪಾವ್. ಪೋರ್ಚುಗೀಸರ ಕಾಲದಿಂದ ಗೋವಾದ ಮನೆಗಳಲ್ಲಿ ಬೆಳಗ್ಗಿನ ತಿಂಡಿಯೇ ಇದು. ವಾರದಲ್ಲಿ ಕೆಲವು ದಿನ ಪುಲಾವ್ ಕೂಡ ಇರುತ್ತದೆ.

ಮಂಗಳೂರು, ಉಡುಪಿ, ಭಟ್ಕಳ ಕಡೆಯಿಂದ ವ್ಯಾಪಾರ, ಹೋಟೆಲ್, ಮೀನಿನ ವಹಿವಾಟು ಅಂತ ಗೋವಾಕ್ಕೆ ಹೋದ ಕುಟುಂಬಗಳಿಗೆ ಮೊದಲು ಇದು ವಿಚಿತ್ರ ಅನಿಸುತ್ತದೆ. "ಇದೇನು ಊಟವಾ?" ಎಂದು ಕೇಳುವವರೂ ಇದ್ದಾರೆ. ಊರಿನ ಅಕ್ಷರ ದಾಸೋಹದಲ್ಲಿ ಮಧ್ಯಾಹ್ನ ಬಿಸಿ ಅನ್ನ, ಸಾಂಬಾರ್, ವಾರಕ್ಕೆ ಹಲವು ದಿನ ಮೊಟ್ಟೆ, ಬೆಳಗ್ಗೆ ಹಾಲು ಕಂಡ ಮಕ್ಕಳಿಗೆ ಪಾವ್ ಸಣ್ಣ ತಿಂಡಿಯಂತೆ ಕಾಣುವುದು ಸಹಜ. ಆದರೆ ಎರಡೂ ಒಂದೇ ಯೋಜನೆಯ ಎರಡು ರೂಪ. ಇದರ ಹಿಂದೆ ಇರುವ ಹಕ್ಕು ಒಂದೇ. ಆ ಹಕ್ಕು ಯಾರಿಗೆ, ಎಲ್ಲಿಯವರೆಗೆ ಎನ್ನುವುದು ಗೋವಾದಲ್ಲಿರುವ ಕನ್ನಡದ ಪೋಷಕರಲ್ಲಿ ಅನೇಕರಿಗೆ ಸರಿಯಾಗಿ ಗೊತ್ತಿಲ್ಲ. ರೇಷನ್ ಕಾರ್ಡ್ ಇನ್ನೂ ಕರ್ನಾಟಕದ್ದೇ ಇದೆ, ನಮಗೆ ಸಿಗುತ್ತದೋ ಇಲ್ಲವೋ ಅಂತ ಸುಮ್ಮನಾಗುವವರಿದ್ದಾರೆ.

ಸಿಗುತ್ತದೆ. ಕಾರ್ಡಿಗೂ ಇದಕ್ಕೂ ಸಂಬಂಧವೇ ಇಲ್ಲ.

ಹಕ್ಕು ಎಲ್ಲಿಂದ ಬಂತು

1995ರ ಆಗಸ್ಟ್ 15ರಂದು ಕೇಂದ್ರ ಸರಕಾರ ಪ್ರಾಥಮಿಕ ಶಾಲೆಗಳಿಗೆ ಪೌಷ್ಟಿಕ ಆಹಾರದ ಯೋಜನೆ ಶುರು ಮಾಡಿತು. ಹೆಸರಿಗೆ ಊಟ, ಆದರೆ ಹೆಚ್ಚಿನ ರಾಜ್ಯಗಳಲ್ಲಿ ಕೊಟ್ಟದ್ದು ತಿಂಗಳಿಗೆ 3 ಕಿಲೋ ಧಾನ್ಯ. ಮಗು ಚೀಲ ಹೊತ್ತು ಮನೆಗೆ ಒಯ್ಯುತ್ತಿತ್ತು. ಅದು ಮನೆಯವರೆಲ್ಲರ ಪಾಲಾಗುತ್ತಿತ್ತು, ಮಗುವಿನ ಹೊಟ್ಟೆಗೆ ಎಷ್ಟು ಹೋಯಿತು ಎಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ.

2001ರಲ್ಲಿ ರಾಜಸ್ಥಾನದಲ್ಲಿ ಬರ. ಸರಕಾರಿ ಗೋದಾಮುಗಳಲ್ಲಿ ಮಾತ್ರ ಧಾನ್ಯ ತುಂಬಿ ತುಳುಕುತ್ತಿತ್ತು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ರಂದು ಬಂದ ಮಧ್ಯಂತರ ಆದೇಶ ಇಡೀ ದೇಶದ ಶಾಲೆಗಳ ಚಿತ್ರ ಬದಲಿಸಿತು. ಪ್ರತಿಯೊಂದು ಸರಕಾರಿ ಮತ್ತು ಸರಕಾರದ ನೆರವಿನ ಪ್ರಾಥಮಿಕ ಶಾಲೆಯ ಪ್ರತಿಯೊಂದು ಮಗುವಿಗೂ ಬೇಯಿಸಿದ ಊಟ ಕೊಡಬೇಕು, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು ಎಂದು ಕೋರ್ಟ್ ಹೇಳಿತು. 'ಬಡ ಮಗು' ಎಂಬ ಮಾತು ಅಲ್ಲಿರಲಿಲ್ಲ, 'ಪ್ರತಿಯೊಂದು ಮಗು' ಎಂದೇ ಇತ್ತು. 2004ರ ಏಪ್ರಿಲ್ 20ರ ಇನ್ನೊಂದು ಆದೇಶದಲ್ಲಿ ಅಡುಗೆಯ ಖರ್ಚನ್ನು ಯಾವ ಕಾರಣಕ್ಕೂ ಮಕ್ಕಳಿಂದಾಗಲಿ ಪೋಷಕರಿಂದಾಗಲಿ ವಸೂಲಿ ಮಾಡಬಾರದು, ಅಡುಗೆಯವರ ನೇಮಕದಲ್ಲಿ ದಲಿತರು ಮತ್ತು ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕು ಎಂದೂ ಬಂತು.

ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು, ಮರುವರ್ಷ ಕರಾವಳಿ ಸೇರಿದಂತೆ ಉಳಿದ ಜಿಲ್ಲೆಗಳಿಗೂ ಬಂತು. 2008-09ರ ಹೊತ್ತಿಗೆ ಕೇಂದ್ರದ ಯೋಜನೆ ದೇಶದೆಲ್ಲೆಡೆ 8ನೇ ತರಗತಿವರೆಗೆ ವಿಸ್ತರಿಸಿತು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಇದು ಕೋರ್ಟ್ ಆದೇಶವಷ್ಟೇ ಅಲ್ಲ, ಸಂಸತ್ತು ಮಾಡಿದ ಕಾನೂನೂ ಆಯಿತು. ಆ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಸ್ಥಳೀಯ ಸಂಸ್ಥೆಗಳ, ಸರಕಾರದ ಮತ್ತು ಸರಕಾರಿ ಅನುದಾನದ ಎಲ್ಲ ಶಾಲೆಗಳಲ್ಲಿ 8ನೇ ತರಗತಿವರೆಗಿನ ಮಕ್ಕಳಿಗೆ ರಜಾ ದಿನ ಬಿಟ್ಟು ಪ್ರತಿದಿನ ಒಂದು ಉಚಿತ ಊಟ. 2021ರ ಸೆಪ್ಟೆಂಬರ್‌ನಲ್ಲಿ ಯೋಜನೆಗೆ ಪಿಎಂ ಪೋಷಣ್ ಎಂದು ಹೊಸ ಹೆಸರಿಟ್ಟು, ಶಾಲೆಗೆ ಸೇರಿಕೊಂಡ ಬಾಲವಾಟಿಕೆಯ ಪುಟಾಣಿಗಳನ್ನೂ ಸೇರಿಸಿದರು. ಹೆಸರು ಬದಲಾಯಿತು, ಹಕ್ಕು ಬದಲಾಗಲಿಲ್ಲ.

ಗೋವಾದಲ್ಲಿ ಯಾರ ಮಕ್ಕಳಿಗೆ

2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ 14.58 ಲಕ್ಷ. ಅದರಲ್ಲಿ ಕನ್ನಡ ಮಾತೃಭಾಷೆಯವರ ಪಾಲು ಶೇ. 5ಕ್ಕೆ ಹತ್ತಿರ. ಕೊಂಕಣಿ, ಮರಾಠಿ, ಹಿಂದಿಯ ನಂತರ ಕನ್ನಡವೇ. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ, ಬಂದರಿನ ಕೆಲಸಕ್ಕೆ ಬಂದವರೇ ಇವರಲ್ಲಿ ಹೆಚ್ಚು. ವಾಸ್ಕೊ, ಬೈನಾ, ಜುವಾರಿನಗರ ಸುತ್ತಮುತ್ತ ಕನ್ನಡದವರ ದೊಡ್ಡ ಬಡಾವಣೆಗಳೇ ಇವೆ. ಮುರ್ಗಾಂವ್ ತಾಲೂಕಿನಲ್ಲಿ ಸರಕಾರಿ ಕನ್ನಡ ಮಾಧ್ಯಮ ಶಾಲೆಗಳೂ ಇವೆ. ಕರಾವಳಿಯ ಮುಸ್ಲಿಂ ಕುಟುಂಬಗಳ ಸಂಖ್ಯೆ ಇವರೆದುರು ಚಿಕ್ಕದು. ಅವರ ಮಕ್ಕಳು ಸಾಮಾನ್ಯವಾಗಿ ಉರ್ದು, ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ.

ಮಾಧ್ಯಮ ಯಾವುದೇ ಇರಲಿ, ಊಟಕ್ಕೆ ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಒಂದೇ: ಶಾಲೆ ಸರಕಾರದ್ದೋ, ಅನುದಾನಿತವೋ, ಅಥವಾ ಎರಡೂ ಅಲ್ಲದ ಖಾಸಗಿಯೋ ಎಂಬುದು. ಗೋವಾದಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಅಲ್ಲಿ ಚರ್ಚ್ ಹಾಗೂ ಇತರ ಸಂಸ್ಥೆಗಳು ನಡೆಸುವ ಅನುದಾನಿತ ಶಾಲೆಗಳು ಬಹಳ. ಡಾಕ್ಟರ್, ವಕೀಲರ ಮಕ್ಕಳೂ ಅನುದಾನಿತ ಶಾಲೆಯಲ್ಲೇ ಓದುವುದು ಅಲ್ಲಿ ಸಾಮಾನ್ಯ. ಆದ್ದರಿಂದ ಕಾನೂನಿನ ಪ್ರಕಾರ ಡಾಕ್ಟರರ ಮಗನಿಗೂ ಗಾರೆ ಕೆಲಸದವನ ಮಗಳಿಗೂ ಒಂದೇ ಪಾವ್, ಒಂದೇ ಭಾಜಿ. ಅಲ್ಪಸಂಖ್ಯಾತರು ನಡೆಸುವ ಶಾಲೆಯಾದರೂ ಅನುದಾನಿತವಾಗಿದ್ದರೆ ಊಟ ಕೊಡಲೇಬೇಕು. ಸಮಗ್ರ ಶಿಕ್ಷಾ ಯೋಜನೆಯ ನೆರವು ಪಡೆಯುವ ಮದ್ರಸಗಳು, ಮಕ್ತಬ್‌ಗಳೂ ಯೋಜನೆಯ ವ್ಯಾಪ್ತಿಯಲ್ಲಿವೆ. ಸಂಜೆ ಅಥವಾ ಬೆಳಗ್ಗೆ ಒಂದೆರಡು ಗಂಟೆ ನಡೆಯುವ ಮೊಹಲ್ಲಾ ಮದ್ರಸಗಳು ಇದರಲ್ಲಿ ಬರುವುದಿಲ್ಲ.

ದಾಖಲೆಯ ವಿಷಯದಲ್ಲಿ ಪೋಷಕರಿಗಿರುವ ಹೆದರಿಕೆ ದೊಡ್ಡದು. 2017ರ ಫೆಬ್ರವರಿಯಲ್ಲಿ ಬಿಸಿಯೂಟಕ್ಕೆ ಆಧಾರ್ ಬೇಕು ಎಂಬ ಕೇಂದ್ರದ ಅಧಿಸೂಚನೆ ಬಂದಾಗ ದೇಶಾದ್ಯಂತ ಗಲಾಟೆಯಾಯಿತು. ಆಧಾರ್ ಇಲ್ಲ ಅಂತ ಯಾರಿಗೂ ಊಟ ನಿಲ್ಲಿಸುವುದಿಲ್ಲ ಎಂದು ಕೆಲವೇ ದಿನಗಳಲ್ಲಿ ಸರಕಾರ ಹೇಳಬೇಕಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಬಂದ ಆಧಾರ್ ತೀರ್ಪಿನಲ್ಲಿ, ಆಧಾರ್ ಇಲ್ಲದ ಕಾರಣಕ್ಕೆ ಯಾವ ಮಗುವಿಗೂ ಸೌಲಭ್ಯ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಶಾಲೆಗೆ ಸೇರಿಸುವಾಗಲೂ ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ಬರುವುದು ತಡವಾಯಿತು ಎಂದೋ, ವಯಸ್ಸಿನ ದಾಖಲೆ ಇಲ್ಲ ಎಂದೋ ಸೇರಿಸಿಕೊಳ್ಳದೆ ಇರುವಂತಿಲ್ಲ. ಮಗುವಿನ ಹೆಸರು ಹಾಜರಿ ಪುಸ್ತಕಕ್ಕೆ ಬಂದ ದಿನದಿಂದಲೇ ಊಟದ ಹಕ್ಕು.

ಪಾತ್ರೆ ಹೊರುವ ಮಹಿಳೆಯರು

ಗೋವಾದ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಗಮನಿಸಬೇಕಾದದ್ದು ಅಡುಗೆ ಮಾಡುವವರು. ಕರ್ನಾಟಕದ ಹೆಚ್ಚಿನ ಹಳ್ಳಿ ಶಾಲೆಗಳಲ್ಲಿ ಶಾಲೆಯಲ್ಲೇ ಅಡುಗೆ ಕೋಣೆ, ಶಾಲೆಯಲ್ಲೇ ಅಡುಗೆ ಸಿಬ್ಬಂದಿ. ಗೋವಾದಲ್ಲಿ ಶಾಲೆಯೊಳಗೆ ಒಲೆ ಉರಿಯುವುದು ಕಡಿಮೆ. ಊರಿನ ಮಹಿಳಾ ಸ್ವಸಹಾಯ ಗುಂಪುಗಳು, ಮಹಿಳಾ ಮಂಡಳಗಳು ತಮ್ಮ ಅಡುಗೆ ಮನೆಯಲ್ಲಿ ಮಾಡಿ, ಡಬ್ಬಿಯಲ್ಲಿ ತುಂಬಿ, ವಾಹನದಲ್ಲಿ ಶಾಲೆಗೆ ಮುಟ್ಟಿಸುತ್ತವೆ. ಗೋವಾದ ಹೆಚ್ಚಿನ ಶಾಲೆಗಳು ಬೆಳಗ್ಗೆ ಎಂಟರ ಸುಮಾರಿಗೆ ಶುರುವಾಗಿ ಮಧ್ಯಾಹ್ನ ಒಂದು-ಒಂದೂವರೆಗೆ ಬಿಡುತ್ತವೆ. ಹಾಗಾಗಿ 'ಮಧ್ಯಾಹ್ನದ ಊಟ' ಬಡಿಸುವುದು ಬೆಳಗ್ಗಿನ ವಿರಾಮದಲ್ಲಿ. ಅಷ್ಟೊತ್ತಿಗೆ ಭಾಜಿ ಶಾಲೆ ಮುಟ್ಟಬೇಕಾದರೆ ಈ ಹೆಂಗಸರು ನಸುಕಿನಲ್ಲೇ ಎದ್ದು ಬಟಾಣಿ ಬೇಯಿಸಬೇಕು.

ಪಾವ್ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ವಿರಾಮ ಚಿಕ್ಕದು, ತಟ್ಟೆ ತೊಳೆಯುವ ಜಾಗ ಇಲ್ಲದ ಶಾಲೆಗಳಿವೆ, ಅನ್ನವನ್ನು ಬಿಸಿಯಾಗಿ ಸಾಗಿಸುವುದು ಕಷ್ಟ, ಗೋವಾದ ಮಕ್ಕಳಿಗೆ ಆ ಹೊತ್ತಿಗೆ ಅನ್ನ ತಿನ್ನುವ ಅಭ್ಯಾಸವೂ ಇಲ್ಲ. ಆದರೆ ಇದರಲ್ಲಿ ಒಂದು ತೊಡಕು ಇದೆ. ಕೇಂದ್ರ ಸರಕಾರ ಈ ಯೋಜನೆಗೆ ಉಚಿತವಾಗಿ ಕೊಡುವುದು ಧಾನ್ಯ. ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ, 6ರಿಂದ 8ನೇ ತರಗತಿಯವರಿಗೆ 150 ಗ್ರಾಂ. ಪಾವ್ ಮಾತ್ರ ಪೊದೇರನಿಂದ ರೊಕ್ಕ ಕೊಟ್ಟು ತರಬೇಕು. ಹಿಟ್ಟಿನ ರೇಟು ಏರಿದರೆ ಪಾವಿನ ರೇಟೂ ಏರುತ್ತದೆ. ಆ ಹೊರೆ ಮೊದಲು ಬೀಳುವುದು ಸ್ವಸಹಾಯ ಗುಂಪಿನ ಮೇಲೆ.

ರೊಕ್ಕದ ಲೆಕ್ಕ ಸ್ವಲ್ಪ ನೋಡೋಣ. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸ್ ಎಲ್ಲ ಸೇರಿಸಿ ಕೇಂದ್ರ ನಿಗದಿ ಮಾಡಿದ ಸಾಮಗ್ರಿ ವೆಚ್ಚ 2025ರ ಮೇ 1ರಿಂದ ಬಾಲವಾಟಿಕೆ ಮತ್ತು ಪ್ರಾಥಮಿಕದ ಮಗುವಿಗೆ ದಿನಕ್ಕೆ 6 ರೂ. 78 ಪೈಸೆ, ಹಿರಿಯ ಪ್ರಾಥಮಿಕಕ್ಕೆ 10 ರೂ. 17 ಪೈಸೆ. ಇದರಲ್ಲಿ ಕೇಂದ್ರದ ಪಾಲು ಶೇ. 60, ಗೋವಾದ ಪಾಲು ಶೇ. 40. ಇದು ಕನಿಷ್ಠ ದರ, ರಾಜ್ಯಗಳು ಹೆಚ್ಚು ಕೊಡಬಹುದು, ಗೋವಾ ತನ್ನ ಕಡೆಯಿಂದ ಸೇರಿಸಿ ಕೊಡುತ್ತಲೂ ಬಂದಿದೆ. ಆದರೂ 6 ರೂ. 78 ಪೈಸೆ ಅಂದರೆ ಎಷ್ಟು? ನೂರು ಮಕ್ಕಳಿಗೆ 678 ರೂಪಾಯಿ. ಆ ದುಡ್ಡಲ್ಲಿ ನಿಯಮದ ಪ್ರಕಾರ 2 ಕಿಲೋ ಬೇಳೆಕಾಳು, 5 ಕಿಲೋ ತರಕಾರಿ, ಅರ್ಧ ಕಿಲೋ ಎಣ್ಣೆ, ಮಸಾಲೆ ಮತ್ತು ಗ್ಯಾಸ್ ಬರಬೇಕು. ಮಳೆಗಾಲದಲ್ಲಿ ಮಡಗಾಂವ್ ಮಾರ್ಕೆಟ್ಟಿನಲ್ಲಿ ಟೊಮೆಟೊ ರೇಟು ಕೇಳಿದವರಿಗೆ ಇದು ಎಷ್ಟು ಬಿಗಿಯಾದ ಲೆಕ್ಕ ಎಂದು ಅರ್ಥವಾಗುತ್ತದೆ.

ದರ ಕಡಿಮೆ ಎಂಬುದಕ್ಕಿಂತ ಹೆಚ್ಚು ಈ ಮಹಿಳೆಯರನ್ನು ಹಿಂಡಿದ್ದು ಬಿಲ್ಲು ತಡವಾಗುವುದು. ತಿಂಗಳುಗಟ್ಟಲೆ ಪಾವತಿ ಬಂದಿಲ್ಲ ಎಂದು ಗೋವಾದ ಸ್ವಸಹಾಯ ಗುಂಪುಗಳು ಪದೇ ಪದೇ ದೂರಿದ್ದು ಅಲ್ಲಿನ ಪತ್ರಿಕೆಗಳಲ್ಲಿ ಬಂದಿದೆ. ಅಂಗಡಿಯವ ಸಾಲ ಕೊಡುತ್ತಾನೆ, ಒಂದು ತಿಂಗಳು, ಎರಡು ತಿಂಗಳು. ಮೂರನೇ ತಿಂಗಳು ಮುಖ ತಿರುಗಿಸುತ್ತಾನೆ. ಆಗ ಭಾಜಿ ತೆಳ್ಳಗಾಗುತ್ತದೆ. ಭಾಜಿ ನೀರಾಗಿದೆ ಎಂದು ಸಿಟ್ಟು ಮಾಡುವ ಪೋಷಕರು ಬೈಯುವುದು ಪಾತ್ರೆ ತಂದ ಹೆಂಗಸಿಗೆ. ಆದರೆ ಆಕೆಯ ಗುಂಪಿನ ಬಿಲ್ಲು ಯಾವ ಟೇಬಲ್ಲಿನ ಮೇಲೆ ಕೂತಿದೆ ಎಂದು ಕೇಳುವವರು ಕಡಿಮೆ.

ಇಷ್ಟೆಲ್ಲ ತೊಂದರೆ ಯಾಕೆ, ದೊಡ್ಡ ಸಂಸ್ಥೆಗೆ ಕೊಟ್ಟುಬಿಡಿ ಎಂಬ ಮಾತು ಬಂದೇ ಬರುತ್ತದೆ. ಗೋವಾದಲ್ಲೂ ಬಂತು. 2000ದಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರು ಮಾಡಿ ಈಗ ಹಲವು ರಾಜ್ಯಗಳಿಗೆ ಹಬ್ಬಿರುವ ಅಕ್ಷಯಪಾತ್ರೆ ಪ್ರತಿಷ್ಠಾನಕ್ಕೆ ಗೋವಾದ ಶಾಲೆಗಳ ಊಟ ವಹಿಸುವ ಪ್ರಸ್ತಾವ ಕೇಳಿಬಂದಾಗ ಸ್ವಸಹಾಯ ಗುಂಪುಗಳ ಮಹಿಳೆಯರು ಗಟ್ಟಿಯಾಗಿ ವಿರೋಧಿಸಿದರು. ಅವರಿಗೆ ಅದು ಜೀವನೋಪಾಯದ ಪ್ರಶ್ನೆ. ಯಂತ್ರದ ಅಡುಗೆಮನೆಯಲ್ಲಿ ಸ್ವಚ್ಛತೆ, ಅಳತೆ ಚೆನ್ನಾಗಿರುತ್ತದೆ ಎಂಬುದು ಒಪ್ಪುವ ಮಾತೇ. ಆದರೆ ಆ ಸಂಸ್ಥೆಯ ಊಟದಲ್ಲಿ ಈರುಳ್ಳಿ-ಬೆಳ್ಳುಳ್ಳಿ ಇಲ್ಲ, ಮೊಟ್ಟೆ ಇಲ್ಲ ಎಂಬ ವಿವಾದ ಕರ್ನಾಟಕದಲ್ಲಿ ವರ್ಷಗಟ್ಟಲೆ ನಡೆದಿದೆ. ಕಾನೂನಿನ ಮಾತೂ ಒಂದಿದೆ, ಚರ್ಚೆಯಲ್ಲಿ ಅದು ಹೆಚ್ಚಾಗಿ ಮರೆತುಹೋಗುತ್ತದೆ. ಆಹಾರ ಭದ್ರತಾ ಕಾಯ್ದೆಯ 5ನೇ ಸೆಕ್ಷನ್ ಪ್ರತಿ ಶಾಲೆಯಲ್ಲೂ ಅಡುಗೆಯ ಸೌಲಭ್ಯ, ಕುಡಿಯುವ ನೀರು, ಶೌಚಾಲಯ ಇರಬೇಕು ಎನ್ನುತ್ತದೆ. ಕೇಂದ್ರೀಕೃತ ಅಡುಗೆಮನೆಗೆ ಅವಕಾಶ ಕೊಟ್ಟಿರುವುದು ನಗರ ಪ್ರದೇಶಗಳಿಗೆ, ಅದೂ ಅಗತ್ಯವಿದ್ದಲ್ಲಿ.

ಒಂದೇ ಅಡುಗೆಮನೆಯಿಂದ ಸಾವಿರಾರು ಮಕ್ಕಳಿಗೆ ಊಟ ಹೋದರೆ ತಪ್ಪೂ ಸಾವಿರ ಪಟ್ಟು ಆಗುತ್ತದೆ ಎಂಬುದಕ್ಕೆ ಇಂಡೋನೇಷ್ಯಾ ಇತ್ತೀಚಿನ ಉದಾಹರಣೆ. 2025ರ ಜನವರಿ 6ರಂದು ಅಲ್ಲಿ ಉಚಿತ ಪೌಷ್ಟಿಕ ಊಟದ ಭಾರೀ ಯೋಜನೆ ಶುರುವಾಯಿತು. ಅದೇ ವರ್ಷ ಸಾವಿರಾರು ಮಕ್ಕಳು ವಿಷಾಹಾರದಿಂದ ಅಸ್ವಸ್ಥರಾದರು. ಬ್ರೆಝಿಲ್ ಬೇರೆ ದಾರಿ ಹಿಡಿದಿದೆ. 2009ರ ಅಲ್ಲಿನ ಕಾನೂನು ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ನ್ನು ಸಣ್ಣ ಕೃಷಿಕ ಕುಟುಂಬಗಳಿಂದ ಖರೀದಿಸಲು ಬಳಸಬೇಕು ಎಂದಿತು. ಊರಿನ ಊಟದ ದುಡ್ಡು ಊರಲ್ಲೇ ತಿರುಗಲಿ ಎಂಬ ಲೆಕ್ಕ. ಗೋವಾದ ಸ್ವಸಹಾಯ ಗುಂಪು, ಊರಿನ ಪೊದೇರ್, ಊರಿನ ಅಂಗಡಿ, ಇದೂ ಸರಿಸುಮಾರು ಅದೇ ದಾರಿ. ದುಡ್ಡು ಸಮಯಕ್ಕೆ ಬಂದರೆ.

ಸಣ್ಣ ಅಡುಗೆಮನೆ ಅಂದ ಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯಲ್ಲಿ ಬಿಸಿಯೂಟ ತಿಂದ 23 ಮಕ್ಕಳು ತೀರಿಕೊಂಡರು. ಅಡುಗೆಯಲ್ಲಿ ಕೀಟನಾಶಕ ಬೆರೆತಿತ್ತು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಸೇರಿದಂತೆ ಎರಡು-ಮೂರು ಮಂದಿ ದೊಡ್ಡವರು ರುಚಿ ನೋಡಿ ಪುಸ್ತಕದಲ್ಲಿ ಬರೆದಿಡಬೇಕು ಎಂಬ ನಿಯಮವನ್ನು ಬಿಗಿ ಮಾಡಿದ್ದು ಆ ಘಟನೆಯ ಬಳಿಕ. ಶಾಲೆಗೆ ಹೋದಾಗ ಆ ಪುಸ್ತಕ ತೋರಿಸಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಎಲ್ಲರಿಗೂ ಯಾಕೆ, ಬಡವರಿಗೆ ಮಾತ್ರ ಸಾಲದಾ?

ಗೋವಾದಂಥ ಅನುಕೂಲಸ್ಥ ರಾಜ್ಯದಲ್ಲಿ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮನೆಯಿಂದ ಟಿಫಿನ್ ತರುವ ಮಕ್ಕಳಿದ್ದಾರೆ, ಪಾವ್ ಉಳಿದು ಹಾಳಾಗುತ್ತದೆ, ಬೇಕಾದವರಿಗಷ್ಟೇ ಕೊಡಿ ಎನ್ನುವವರು ಇದ್ದಾರೆ.

ಬೇಕಾದವರನ್ನು ಹುಡುಕುವುದು ಹೇಗೆ? ಆದಾಯ ಪ್ರಮಾಣಪತ್ರ ಕೇಳಬೇಕು. ಬಾಡಿಗೆ ಕೋಣೆಯಲ್ಲಿರುವ, ಇನ್ನೊಂದು ರಾಜ್ಯದ ಕಾರ್ಡ್ ಇರುವ ಕುಟುಂಬ ಅದನ್ನು ಎಲ್ಲಿಂದ ತರಬೇಕು? ಮೊದಲು ಬಿಟ್ಟುಹೋಗುವುದೇ ವಲಸೆ ಬಂದವರ ಮಕ್ಕಳು. ಇನ್ನು ತರಗತಿಯಲ್ಲಿ 'ಊಟದವರು ಎದ್ದು ನಿಲ್ಲಿ' ಎಂದ ಕೂಡಲೇ ಎದ್ದು ನಿಲ್ಲಬೇಕಾದ ಹತ್ತು ವರ್ಷದ ಹುಡುಗಿಯ ಕಷ್ಟ ಪೋಷಕರಿಗೆ ಹೇಳಬೇಕಾಗಿಲ್ಲ. ಹಸಿದರೂ ಎದ್ದು ನಿಲ್ಲದ ಮಕ್ಕಳು ಇರುತ್ತಾರೆ.

ಶ್ರೀಮಂತ ದೇಶಗಳು ಈ ಪಾಠ ಕಲಿತದ್ದು ನಿಧಾನವಾಗಿ. ಫಿನ್ಲೆಂಡ್ 1948ರಿಂದಲೇ ಎಲ್ಲ ಶಾಲಾ ಮಕ್ಕಳಿಗೆ ಉಚಿತ ಊಟ ಕೊಡುತ್ತಿದೆ. ಯುದ್ಧ ಮುಗಿದು ದೇಶವೇ ಬಡವಾಗಿದ್ದ ಕಾಲವದು. ಇಂಗ್ಲೆಂಡಿನಲ್ಲಿ ಕಿರಿಯ ತರಗತಿಗಳ ಎಲ್ಲ ಮಕ್ಕಳಿಗೂ ಊಟ ಉಚಿತ ಆದದ್ದು 2014ರ ಸೆಪ್ಟೆಂಬರ್‌ನಲ್ಲಿ, ಲಂಡನ್ನಿನ ಸರಕಾರಿ ಪ್ರಾಥಮಿಕ ಶಾಲೆಗಳ ಉಳಿದ ಮಕ್ಕಳಿಗೂ ಸಿಕ್ಕಿದ್ದು 2023ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಮೇನ್ ರಾಜ್ಯಗಳು 2022-23ರಲ್ಲಿ ಮೊದಲ ಬಾರಿಗೆ ಎಲ್ಲ ಸಾರ್ವಜನಿಕ ಶಾಲಾ ಮಕ್ಕಳಿಗೂ ಉಚಿತ ಊಟವನ್ನು ಶಾಶ್ವತ ಮಾಡಿದವು. ಭಾರತ 2001ರಲ್ಲೇ 'ಪ್ರತಿಯೊಂದು ಮಗು' ಎಂದಿತ್ತು. ಈ ಒಂದು ವಿಷಯದಲ್ಲಿ ಈ ದೇಶ ಮುಂದಿತ್ತು ಎನ್ನುವುದಕ್ಕೆ ಸಂಕೋಚ ಬೇಕಿಲ್ಲ.

ಪರಿಣಾಮದ ಬಗ್ಗೆಯೂ ಸಾಕಷ್ಟು ಅಧ್ಯಯನವಾಗಿದೆ. 2021ರಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ಭಾರತದ ಬಿಸಿಯೂಟವನ್ನೇ ಕುರಿತದ್ದು. ಶಾಲೆಯಲ್ಲಿ ಬಿಸಿಯೂಟ ಉಂಡು ಬೆಳೆದ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಕಡಿಮೆ ಇತ್ತು ಎಂದು ಅದು ತೋರಿಸಿತು. ಇವತ್ತು ಐದನೇ ಕ್ಲಾಸಿನ ಹುಡುಗಿ ತಿಂದ ಊಟದ ಲಾಭ ಇಪ್ಪತ್ತು ವರ್ಷದ ನಂತರ ಅವಳ ಮಗುವಿನ ಎತ್ತರದಲ್ಲಿ ಕಾಣುತ್ತದೆ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವ ವಿಷಯದಲ್ಲಿ ತಡವಾಗಿ ಎಚ್ಚೆತ್ತ ಸಮುದಾಯಗಳಿಗೆ ಇದು ಚಿಕ್ಕ ವಿಷಯವಲ್ಲ.

ಎಲ್ಲಿ ನಿಲ್ಲುತ್ತದೆ

8ನೇ ತರಗತಿ ಮುಗಿದರೆ ಕೇಂದ್ರದ ಕಾನೂನಿನ ಹಕ್ಕು ಮುಗಿಯಿತು. ಬೇಸಗೆ ರಜೆಯ ಹಿಂದಿನ ದಿನದವರೆಗೆ ಉಂಡ ಮಗು ರಜೆ ಮುಗಿಸಿ 9ಕ್ಕೆ ಬಂದಾಗ ಹಕ್ಕು ಕೈಬಿಟ್ಟಿರುತ್ತದೆ. ಹದಿನಾಲ್ಕು-ಹದಿನೈದರ ಪ್ರಾಯ ಅಂದರೆ ಹಸಿವು ಹೆಚ್ಚುವ, ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಕಾಣುವ, ಹುಡುಗರು ಶಾಲೆ ಬಿಟ್ಟು ಗ್ಯಾರೇಜಿಗೋ ಅಂಗಡಿಗೋ ಸೇರುವ ಪ್ರಾಯ. ಆ ಹೊತ್ತಿಗೇ ಊಟ ನಿಲ್ಲುವುದು ಈ ಯೋಜನೆಯ ದೊಡ್ಡ ಕೊರತೆ.

ರಾಜ್ಯಗಳು ತಮ್ಮ ದುಡ್ಡಿನಲ್ಲಿ ಈ ಗೆರೆ ದಾಟಬಹುದು. ಕರ್ನಾಟಕ ದಾಟಿದೆ, 9 ಮತ್ತು 10ನೇ ತರಗತಿಗೂ ಊಟ ಕೊಡುತ್ತಿದೆ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಬಂತು. 2024ರ ಸೆಪ್ಟೆಂಬರ್‌ನಿಂದ ಅಝೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ 1ರಿಂದ 10ನೇ ತರಗತಿಯ ಮಕ್ಕಳಿಗೆ ವಾರದ ಆರೂ ದಿನ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ತಮಿಳುನಾಡು 2022ರ ಸೆಪ್ಟೆಂಬರ್‌ನಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗ್ಗಿನ ಉಪಾಹಾರ ಶುರು ಮಾಡಿತು. ಊಟದ ಮೇಲೆ ಉಪಾಹಾರ, ಎರಡೂ. 1956ರ ಸುಮಾರಿಗೆ ಕಾಮರಾಜ್, 1982ರಲ್ಲಿ ಎಂಜಿಆರ್ ಕಟ್ಟಿದ್ದರ ಮೇಲೆ ಹಾಕಿದ ಇನ್ನೊಂದು ಕಲ್ಲು ಅದು.

ಇನ್ನೊಂದು ಗೆರೆ ಸಮುದಾಯಕ್ಕೆ ಹೆಚ್ಚು ಹತ್ತಿರದ್ದು. ಅನುದಾನ ಇಲ್ಲದ ಖಾಸಗಿ ಶಾಲೆಗಳಿಗೆ ಈ ಹಕ್ಕು ಅನ್ವಯಿಸುವುದಿಲ್ಲ. ಗೋವಾದಲ್ಲಾಗಲಿ ದಕ್ಷಿಣ ಕನ್ನಡದಲ್ಲಾಗಲಿ, ಮಗು ಇಂಗ್ಲಿಷ್ ಕಲಿಯಲಿ ಎಂದು ಸಾಲ ಮಾಡಿ ಖಾಸಗಿ ಶಾಲೆಗೆ ಹಾಕುವ ಮನೆಗಳು ಫೀಸು, ವ್ಯಾನ್, ಯೂನಿಫಾರ್ಮ್ ಲೆಕ್ಕ ಹಾಕುತ್ತವೆ, ಬಿಟ್ಟುಕೊಟ್ಟ ಊಟದ ಲೆಕ್ಕ ಹಾಕುವುದಿಲ್ಲ. ಸಮುದಾಯದ ಟ್ರಸ್ಟುಗಳು ನಡೆಸುವ ಅನುದಾನರಹಿತ ಶಾಲೆಗಳಲ್ಲಿ ಬೆಳಗ್ಗೆ ಏನೂ ತಿನ್ನದೆ ಬಸ್ ಹತ್ತುವ ಮಕ್ಕಳು ಇರುತ್ತಾರೆ. ಅಲ್ಲಿ ಊಟ ಬೇಕೆಂದರೆ ಅದು ಟ್ರಸ್ಟಿನ ಜವಾಬ್ದಾರಿ, ಸರಕಾರದ್ದಲ್ಲ.

ಮೊಟ್ಟೆಯ ಮಾತು ಬಂದಾಗಲೆಲ್ಲ ಹಲಾಲ್ ಬಗ್ಗೆಯೂ ಕೇಳುವವರಿದ್ದಾರೆ. ಗೋವಾದ ಶಾಲಾ ಊಟ ಸಸ್ಯಾಹಾರಿ, ಆದ್ದರಿಂದ ಆ ಆತಂಕಕ್ಕೆ ಕಾರಣವಿಲ್ಲ. ರಂಝಾನಿನಲ್ಲಿ ಉಪವಾಸ ಹಿಡಿಯುವ ಮಕ್ಕಳ ಬಗ್ಗೆ ಮುಖ್ಯ ಶಿಕ್ಷಕರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು, ಅಷ್ಟು ಪಾವ್ ಕಡಿಮೆ ತರಿಸಬಹುದು.

ಊಟ ಬರದಿದ್ದರೆ

2015ರ ಸೆಪ್ಟೆಂಬರ್ 30ರಂದು ಬಂದ ಮಧ್ಯಾಹ್ನದ ಊಟದ ನಿಯಮಗಳು ಇದಕ್ಕೆ ಉತ್ತರ ಕೊಟ್ಟಿವೆ. ಧಾನ್ಯ ಬರಲಿಲ್ಲ, ಗ್ಯಾಸ್ ಮುಗಿಯಿತು, ಅಡುಗೆಯವರು ಬರಲಿಲ್ಲ, ದುಡ್ಡು ಬರಲಿಲ್ಲ, ಕಾರಣ ಏನೇ ಇರಲಿ, ಶಾಲೆ ನಡೆದ ದಿನ ಊಟ ಕೊಡದಿದ್ದರೆ ಆ ಮಗುವಿಗೆ ಸಲ್ಲಬೇಕಾದ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಆಹಾರ ಭದ್ರತಾ ಭತ್ಯೆಯಾಗಿ ಮುಂದಿನ ತಿಂಗಳ 15ರೊಳಗೆ ಕೊಡಬೇಕು. ಸತತ ಮೂರು ಶಾಲಾ ದಿನ ಅಥವಾ ತಿಂಗಳಲ್ಲಿ ಐದು ದಿನ ಊಟ ತಪ್ಪಿದರೆ ರಾಜ್ಯ ಸರಕಾರ ಯಾರು ಹೊಣೆ ಎಂದು ನಿಗದಿ ಮಾಡಬೇಕು. ಯೋಜನೆಯ ದುಡ್ಡು ತಾತ್ಕಾಲಿಕವಾಗಿ ಮುಗಿದರೆ ಶಾಲೆ ತನ್ನ ಬಳಿಯ ಬೇರೆ ಹಣ ಬಳಸಿ ಊಟ ಮುಂದುವರಿಸಬಹುದು. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ದೇಶಾದ್ಯಂತ ಮಕ್ಕಳಿಗೆ ಅಕ್ಕಿ ಮತ್ತು ದುಡ್ಡು ಕೊಟ್ಟದ್ದು ಇದೇ ಭತ್ಯೆಯ ಹೆಸರಿನಲ್ಲಿ.

ದೂರು ಮೊದಲು ಹೋಗಬೇಕಾದದ್ದು ಮುಖ್ಯ ಶಿಕ್ಷಕರಿಗೆ ಮತ್ತು ಶಾಲಾ ವ್ಯವಸ್ಥಾಪನಾ ಸಮಿತಿಗೆ. ಊಟದ ಗುಣಮಟ್ಟ ನೋಡಿಕೊಳ್ಳುವುದು ಆ ಸಮಿತಿಯ ಕೆಲಸ, ಅದರಲ್ಲಿ ಪೋಷಕರೇ ಹೆಚ್ಚಿನ ಸಂಖ್ಯೆಯಲ್ಲಿರಬೇಕು. ಕನ್ನಡದ ಪೋಷಕರು ಸಭೆಗೆ ಹೋಗುವುದಿಲ್ಲ, ಕೊಂಕಣಿ ಬರುವುದಿಲ್ಲ ಅಂತ ಹಿಂಜರಿಯುತ್ತಾರೆ. ಹಿಂದಿಯಲ್ಲಿ ಮಾತಾಡಿದರೂ ನಡೆಯುತ್ತದೆ. ಅಲ್ಲಿ ಪರಿಹಾರ ಸಿಗದಿದ್ದರೆ ಪರ್ವರಿಯಲ್ಲಿರುವ ಶಿಕ್ಷಣ ನಿರ್ದೇಶನಾಲಯ. ಅದಕ್ಕೂ ಮೇಲೆ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ಪರಿಹಾರ ಅಧಿಕಾರಿ, ರಾಜ್ಯ ಆಹಾರ ಆಯೋಗ. ಯಾವ ದಿನಾಂಕದಲ್ಲಿ ಊಟ ಬರಲಿಲ್ಲ ಎಂದು ಬರೆದಿಟ್ಟುಕೊಂಡು ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆಯಬೇಕು. ಬಾಯಿ ಮಾತಿನ ದೂರಿಗೆ ಬೆಲೆ ಇಲ್ಲ.

ಯುವಕರ ಸಂಘಟನೆಗಳಿಗೆ ಒಂದು ದಾರಿ ತೆರೆದಿದೆ. ಯೋಜನೆಯಲ್ಲಿ ತಿಥಿ ಭೋಜನ ಎಂಬ ಅವಕಾಶವಿದೆ. ಹಬ್ಬ, ಮದುವೆ, ಹುಟ್ಟುಹಬ್ಬದಂಥ ದಿನಗಳಲ್ಲಿ ಊರವರು ಶಾಲೆಯ ಎಲ್ಲ ಮಕ್ಕಳಿಗೂ ವಿಶೇಷ ಊಟ ಅಥವಾ ಹಣ್ಣು, ಸಿಹಿ ಕೊಡಬಹುದು, ತಟ್ಟೆ-ಲೋಟ, ಮಿಕ್ಸಿಯಂಥ ಸಾಮಾನೂ ಕೊಡಬಹುದು. ಅದು ದಿನದ ಊಟಕ್ಕೆ ಸೇರಿಸುವ ಹೆಚ್ಚುವರಿ, ಅದರ ಬದಲಿಗೆ ಅಲ್ಲ. ಮೊದಲೇ ಶಾಲೆಗೆ ತಿಳಿಸಬೇಕು, ಆಹಾರ ಸುರಕ್ಷತೆಯ ನಿಯಮ ಪಾಲಿಸಬೇಕು, ಒಂದು ಜಾತಿ-ಧರ್ಮದ ಮಕ್ಕಳಿಗೆ ಮಾತ್ರ ಎಂದು ಕೊಡುವಂತಿಲ್ಲ. ಈದ್ ಮರುದಿನ ಗೋವಾದ ಕನ್ನಡ ಶಾಲೆಯೊಂದಕ್ಕೆ ಪಾಯಸ ಕಳಿಸಬೇಕೆಂದಿದ್ದರೆ ಹೀಗೆ ಕಳಿಸಬಹುದು.

ಗೋವಾ ಬಿಟ್ಟು ಊರಿಗೆ ವಾಪಸಾಗುವ ಮನೆಗಳಿಗೆ ಕೊನೆಯ ಮಾತು. ರೇಷನ್ ವರ್ಗಾಯಿಸುವ ಹಾಗೆ ಊಟ ವರ್ಗಾಯಿಸುವ ಅರ್ಜಿ ಇಲ್ಲ. ಮಂಗಳೂರಿನ ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಮಗುವಿನ ಹೆಸರು ಬರೆಸಿದರೆ ಆಯಿತು, ಆ ದಿನ ಮಧ್ಯಾಹ್ನವೇ ತಟ್ಟೆ ಹಿಡಿದು ಸಾಲಿನಲ್ಲಿ ಕೂರಬಹುದು. ಗೋವಾದಲ್ಲಿ 8 ಮುಗಿಸಿದ ಮಗುವಾದರೆ ಇಲ್ಲಿ 9 ಮತ್ತು 10ಕ್ಕೂ ಊಟ ಸಿಗುತ್ತದೆ. ಅದಕ್ಕೆ ಟಿಸಿ ಕೈಗೆ ಬರುವವರೆಗೆ ಕಾಯಬೇಕಾಗಿಲ್ಲ ಎಂಬ ಶಿಕ್ಷಣ ಹಕ್ಕಿನ ರಕ್ಷಣೆ 8ರವರೆಗೆ ಮಾತ್ರ ಇರುವುದರಿಂದ, 9ಕ್ಕೆ ಸೇರಿಸುವವರು ಗೋವಾ ಬಿಡುವ ಮೊದಲೇ ಟಿಸಿ ಪಡೆದುಕೊಂಡು ಬರಬೇಕು.